ಬಿಲ್ಲೆಯ ಮೇಲಿನ 84

ಅತ್ತೆಯ ಹತ್ತಿರ ಅವರ ಅಪ್ಪನದು ಅಂತ ಉಳಿದದ್ದು ಮೂರೇ ವಸ್ತು. ಒಂದು ಫೋಟೊ, ಒಂದು ಕ್ರಿಸ್ಮಸ್ ಕಾರ್ಡು, ಒಂದು ಕ್ಷೌರದ ಬ್ರಷ್ಷು. ಫೋಟೊದಲ್ಲಿ ಐದು ಜನ ಸಿಪಾಯಿಗಳು ಕಲ್ಲಿನ ಮನೆಯೊಂದರ ಮುಂದೆ ನಿಂತಿದ್ದಾರೆ. ಎಡಗಡೆಯಿಂದ ಎರಡನೆಯವರು ಅಪ್ಪ. ಉಳಿದ ನಾಲ್ವರು ಯಾರೋ ಗೊತ್ತಿಲ್ಲ. ಫೋಟೊದ ಹಿಂದೆ ಏನೂ ಬರೆದಿಲ್ಲ.

ಇಲ್ಲಿ ಜರ್ಮನಿಯಲ್ಲಿ ಸೊಸೆಯರು ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ. ಮದುವೆಯಾದಾಗಿನಿಂದ ಅತ್ತೆ ಅಂತಲೇ ಕರೆದೆ, ಅವರೂ ಅದಕ್ಕೇ ಓಗೊಡುತ್ತಾರೆ. ಈಗ ಅವರಿಗೆ 80 ದಾಟಿದೆ. ಹುಟ್ಟಿದ್ದು 1941ರ ಜೂನ್‌ನಲ್ಲಿ, ಮೇಲಿನ ಸೈಲೀಸಿಯಾದ ಒಂದು ಹಳ್ಳಿಯಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ಅಪ್ಪ 1942ರ ಏಪ್ರಿಲ್‌ನಲ್ಲಿ ರಷ್ಯಾದಲ್ಲಿ ಸತ್ತರು. ಮಗುವಿಗೆ ಆಗ ಹತ್ತು ತಿಂಗಳು. ಅಪ್ಪ ತನ್ನನ್ನು ನೋಡಲೇ ಇಲ್ಲ ಅಂತ ಅತ್ತೆ ಜೀವನವಿಡೀ ನಂಬಿದ್ದರು. ಯಾರೂ ಹಾಗೆ ಹೇಳಿರಲಿಲ್ಲ. ಅವರ ಅಮ್ಮ ಯುದ್ಧದ ಮಾತೇ ಎತ್ತುತ್ತಿರಲಿಲ್ಲವಂತೆ. ಹಾಗಾಗಿ ತಾವೇ ಅಂದುಕೊಂಡಿದ್ದು.

ಒಂದು ದಿನ ಫೋಟೊ ಒರೆಸುತ್ತಾ ಅಂದರು: “ಅಪ್ಪ ಎಲ್ಲಿ ಸತ್ತರು ಅಂತ ಎಲ್ಲರೂ ಕೇಳುತ್ತಾರೆ. ನನಗೆ ಬೇಕಾಗಿರೋದು ಅದಲ್ಲ. ಕೊನೆಗೆ ಯಾರ ಜೊತೆ ಇದ್ದರು ಅಂತ ತಿಳಿಬೇಕು.”

ಯಾರ ಜೊತೆ ಅಂದರೆ ಯಾವ ಪಡೆ, ಯಾವ ಕಂಪನಿ ಅಂತ ಹುಡುಕಬೇಕು. ಸೈನ್ಯದಲ್ಲಿ ಕಂಪನಿಗಳು ಸೇರಿ ಬೆಟಾಲಿಯನ್, ಬೆಟಾಲಿಯನ್‌ಗಳು ಸೇರಿ ರೆಜಿಮೆಂಟು, ರೆಜಿಮೆಂಟುಗಳು ಸೇರಿ ಡಿವಿಜನ್. ನನ್ನ ಗಂಡನಿಗೆ ಇದರಲ್ಲಿ ಅಷ್ಟು ಮನಸ್ಸಿರಲಿಲ್ಲ. ಅಜ್ಜ ಹಿಟ್ಲರನ ಸೈನ್ಯದಲ್ಲಿದ್ದವರು, ಕೆದಕಿದರೆ ಏನು ಸಿಗುತ್ತದೋ ಅನ್ನುವ ಭಯ. ಆ ಭಯ ನನಗೆ ಅರ್ಥವಾಯಿತು. ಆದರೂ ಅತ್ತೆಯ ವಯಸ್ಸು ನೋಡಿ ನಾನೇ ಶುರು ಮಾಡಿದೆ.

ಒಂದು ಪುಸ್ತಕ ಉಳಿದಿದ್ದರೆ ಈ ಕೆಲಸ ಒಂದೇ ಸಂಜೆಗೆ ಮುಗಿಯುತ್ತಿತ್ತು. ಜರ್ಮನ್ ಸಿಪಾಯಿಗೆ ಎರಡು ಪುಸ್ತಕ ಇರುತ್ತಿದ್ದವು. ಝೋಲ್ಡ್‌ಬೂಖ್ ಅನ್ನುವ ಸಂಬಳದ ಪುಸ್ತಕ ಅವನ ಜೇಬಿನಲ್ಲಿ, ವೇರ್‌ಪಾಸ್ ಅನ್ನುವುದು ಕಂಪನಿಯ ಕಚೇರಿಯಲ್ಲಿ. ಸಿಪಾಯಿ ಸತ್ತರೆ ವೇರ್‌ಪಾಸ್ ಮನೆಗೆ ಬರುತ್ತಿತ್ತು. ಅವನು ಇದ್ದ ಪಡೆಗಳೆಲ್ಲ ಅದರಲ್ಲಿ ತಾರೀಖಿನ ಜೊತೆ ಸಾಲಾಗಿ ಇರುತ್ತವೆ. ಅಜ್ಜಿಗೂ ಬಂದಿತ್ತಂತೆ. 1945ರ ಜನವರಿಯಲ್ಲಿ ರಷ್ಯನ್ ಸೈನ್ಯ ಸೈಲೀಸಿಯಾಕ್ಕೆ ನುಗ್ಗಿದಾಗ ಅಜ್ಜಿ ಮೂರೂವರೆ ವರ್ಷದ ಮಗುವನ್ನು ಕಟ್ಟಿಕೊಂಡು ಹಿಮದಲ್ಲಿ ಓಡಿ ಬಂದರು. ಕೈಗೆ ಸಿಕ್ಕಿದ್ದು ಈ ಮೂರು ವಸ್ತು. ವೇರ್‌ಪಾಸ್ ಅಲ್ಲೇ ಉಳಿಯಿತು.

ಮೊದಲು ಫೋಲ್ಕ್ಸ್‌ಬುಂಡ್‌ನಲ್ಲಿ ನೋಡಿದೆ. ಯುದ್ಧದಲ್ಲಿ ಸತ್ತ ಜರ್ಮನರ ಸಮಾಧಿ ನೋಡಿಕೊಳ್ಳಲು 1919ರಲ್ಲಿ ಹುಟ್ಟಿದ ಸಂಸ್ಥೆ ಅದು, ಕಚೇರಿ ಕಾಸೆಲ್ ಹತ್ತಿರ ಇದೆ. ಅದರ ಹುಡುಕುವ ಪಟ್ಟಿಯಲ್ಲಿ ಸುಮಾರು 50 ಲಕ್ಷ ಹೆಸರುಗಳಿವೆ. ಹೆಸರು, ಹುಟ್ಟಿದ ತಾರೀಖು ಹಾಕಿದ ಕೂಡಲೇ ಅಜ್ಜ ಸಿಕ್ಕಿಬಿಟ್ಟರು. ಹುದ್ದೆ ಗೆಫ್ರೈಟರ್, ಸಿಪಾಯಿಗಳಲ್ಲೇ ಕೆಳದರ್ಜೆಯದು. ಸತ್ತ ಜಾಗ ಸ್ತಾರಯಾ ರುಸ್ಸಾದ ದಕ್ಷಿಣಕ್ಕೆ. ಸಮಾಧಿ ಕೊರ್ಪೊವೊದಲ್ಲಿ, ದೆಮ್ಯಾನ್ಸ್ಕ್ ಹತ್ತಿರ. ಬ್ಲಾಕು, ಸಾಲು, ಗುಂಡಿಯ ನಂಬರ್ ಎಲ್ಲ ಇತ್ತು. ಪಡೆ ಮಾತ್ರ ಇರಲಿಲ್ಲ. ಬ್ರಿಟಿಷ್ ಸೈನ್ಯದಲ್ಲಿ ಸತ್ತ ನಮ್ಮ ಭಾರತೀಯ ಸಿಪಾಯಿಯನ್ನು ಕಾಮನ್‌ವೆಲ್ತ್ ಸಮಾಧಿ ಪಟ್ಟಿಯಲ್ಲಿ ಹುಡುಕಿದರೆ ಹೆಸರಿನ ಪಕ್ಕದಲ್ಲೇ ರೆಜಿಮೆಂಟು ಇರುತ್ತದೆ. ಜರ್ಮನ್ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಬೇರೆ ದಾರಿಯಿಂದ ತರಬೇಕು.

ಫೋಲ್ಕ್ಸ್‌ಬುಂಡ್‌ಗೆ ಕಾಗದ ಬರೆದೆ. ಉತ್ತರದಲ್ಲಿ ಒಂದು ಸಾಲು ಇತ್ತು. ಹಳೆಯ ಗುಂಡಿಯಿಂದ ಎತ್ತಿ ಕೊರ್ಪೊವೊದಲ್ಲಿ ಮತ್ತೆ ಹೂಳುವಾಗ ಗುರುತಿನ ಬಿಲ್ಲೆಯ ಅರ್ಧ ಸಿಕ್ಕಿತ್ತು, ಅದರ ಮೇಲಿನ ಅಕ್ಷರ ಇಂತಿಂಥದ್ದು ಅಂತ.

ಈ ಬಿಲ್ಲೆ ಒಂದು ಸಣ್ಣ ಲೋಹದ ತಗಡು. ಅಂಗೈಗಿಂತ ಚಿಕ್ಕದು, ಮೊಟ್ಟೆಯಾಕಾರ. ಸಿಪಾಯಿ ಕೊರಳಲ್ಲಿ ಹಾಕಿಕೊಂಡಿರಬೇಕು. ನಡುವೆ ಸಾಲಾಗಿ ಸೀಳುಗಳಿರುತ್ತವೆ, ಎರಡೂ ಅರ್ಧದ ಮೇಲೆ ಒಂದೇ ಬರಹ. ಸತ್ತರೆ ಒಂದು ಅರ್ಧ ಮುರಿದುಕೊಂಡು ಹೋಗುತ್ತಾರೆ, ಇನ್ನೊಂದು ಹೆಣದ ಜೊತೆಗೇ ಉಳಿಯುತ್ತದೆ. ಅಜ್ಜನ ಬಿಲ್ಲೆಯ ಮೇಲೆ ಇದ್ದದ್ದು ಒಂದು ಕ್ರಮಸಂಖ್ಯೆ, ರಕ್ತದ ಗುಂಪು, ಆಮೇಲೆ ಇನ್ಫಂಟ್ರಿ ಎರ್ಜಾಟ್ಸ್ ಬೆಟಾಲಿಯನ್ 84 ಅನ್ನುವುದರ ತುಂಡು ಅಕ್ಷರಗಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ರೆಜಿಮೆಂಟ್ 84 ಅಂದರೆ ಗ್ಲೈವಿಟ್ಸ್ ಕಡೆಯದು, ಸೈಲೀಸಿಯಾದ್ದೇ. ಎಲ್ಲ ಹೊಂದುತ್ತದೆ ಅಂದುಕೊಂಡೆ. ಅತ್ತೆಗೂ ಫೋನ್ ಮಾಡಿ ಹೇಳಿಬಿಟ್ಟೆ. ಅವರು ಕ್ಯಾಲೆಂಡರ್ ಮೇಲೆ 84 ಅಂತ ದೊಡ್ಡದಾಗಿ ಬರೆದುಕೊಂಡರು.

ಎರಡು ವಾರ ಬಿಟ್ಟು ನಕ್ಷೆ ಹರಡಿಕೊಂಡು ಕೂತಾಗ ಹೊಟ್ಟೆಯಲ್ಲಿ ಸಂಕಟವಾಯಿತು. ರೆಜಿಮೆಂಟ್ 84 ಮೊದಲು 8ನೇ ಡಿವಿಜನ್‌ನಲ್ಲಿತ್ತು, ನಿಜ. ಆದರೆ 1941ರ ಕೊನೆಗೆ ಅದನ್ನು 102ನೇ ಡಿವಿಜನ್‌ಗೆ ಕೊಟ್ಟಿದ್ದರು. 1942ರ ಏಪ್ರಿಲ್‌ನಲ್ಲಿ ಆ ಡಿವಿಜನ್ ರ್ಜೆವ್ ಕಡೆ ಇತ್ತು. ಅಜ್ಜ ಸತ್ತದ್ದು ಸ್ತಾರಯಾ ರುಸ್ಸಾ ಹತ್ತಿರ. ನಡುವೆ 250 ಕಿಲೋಮೀಟರ್‌ಗೂ ಜಾಸ್ತಿ. ಒಬ್ಬ ಸಿಪಾಯಿ ಎರಡು ಕಡೆ ಇರೋಕೆ ಆಗಲ್ಲ ಅಲ್ವಾ?

ಸಮಾಧಿಯಲ್ಲಿ ಬೇರೆಯವರ ಬಿಲ್ಲೆ ಸಿಕ್ಕಿರಬಹುದಾ ಅಂತ ಒಂದು ಕ್ಷಣ ಅನ್ನಿಸಿತು. ಅತ್ತೆಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಆಮೇಲೆ ಬರಹವನ್ನು ಮತ್ತೆ ಓದಿದೆ. ಉತ್ತರ ಅದರಲ್ಲೇ ಇತ್ತು. ಎರ್ಜಾಟ್ಸ್ ಅಂದರೆ ಬದಲಿ. ಊರಲ್ಲಿ ಹುಡುಗರನ್ನು ಸೇರಿಸಿಕೊಂಡು, ಕವಾಯತು ಕಲಿಸಿ, ರಣರಂಗದ ಪಡೆಗಳಿಗೆ ಕಳಿಸುವ ಬೆಟಾಲಿಯನ್ ಅದು. ಬಿಲ್ಲೆ ಕೊಡುವುದು ಸೇರಿದ ಜಾಗದಲ್ಲಿ. ಆಮೇಲೆ ಸಿಪಾಯಿ ಎಲ್ಲೆಲ್ಲಿ ಹೋದರೂ ಬಿಲ್ಲೆ ಬದಲಾಗುವುದಿಲ್ಲ. ಅಂದರೆ ಆ 84 ಅಜ್ಜ ಹೊರಟ ಬಾಗಿಲು. ಸತ್ತ ದಿನ ಯಾರ ಜೊತೆ ಇದ್ದರು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಇಂಥ ಹುಡುಕಾಟಕ್ಕೆ ಇಳಿಯುವವರು ಮೊದಲು ತಿಳಿದುಕೊಳ್ಳಬೇಕಾದ ವಿಷಯ ಇದೇ ಅಂತ ಈಗ ಅನ್ನಿಸುತ್ತದೆ. ನನಗೆ ಯಾರೂ ಹೇಳಿರಲಿಲ್ಲ.

ಅತ್ತೆ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವರು ಪೆನ್ಸಿಲ್ಲಿನಿಂದ ಕ್ಯಾಲೆಂಡರಿನ 84ರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದರು, ಅಳಿಸಲಿಲ್ಲ.

ಅಷ್ಟರಲ್ಲಿ ಬರ್ಲಿನ್‌ಗೆ ಅರ್ಜಿ ಹಾಕಿದ್ದೆ. 1939ರ ಆಗಸ್ಟ್ 26ರಂದು, ಯುದ್ಧ ಶುರುವಾಗುವ ಕೆಲವೇ ದಿನ ಮೊದಲು, ಸತ್ತವರ ಮತ್ತು ಸೆರೆಸಿಕ್ಕವರ ಲೆಕ್ಕ ಇಡಲು ಜರ್ಮನ್ ಸೈನ್ಯ ಒಂದು ಕಚೇರಿ ತೆರೆದಿತ್ತು. ಯುದ್ಧ ಮುಗಿದ ಮೇಲೂ ಅದು ಮುಚ್ಚಲಿಲ್ಲ. ದಶಕಗಳ ಕಾಲ ಮನೆಯವರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾ ಬಂತು. 2019ರಿಂದ ಬುಂಡೆಸ್‌ಆರ್ಕೀವ್ ಅನ್ನುವ ರಾಷ್ಟ್ರೀಯ ದಾಖಲೆ ಭಂಡಾರದ ಭಾಗವಾಗಿದೆ. ಬರ್ಲಿನ್ನಿನ ರೈನಿಕೆನ್‌ಡಾರ್ಫ್‌ನಲ್ಲಿ, 1 ಕೋಟಿ 80 ಲಕ್ಷಕ್ಕೂ ಜಾಸ್ತಿ ಕಾರ್ಡುಗಳಿವೆ. ಒಬ್ಬೊಬ್ಬ ಸಿಪಾಯಿಗೆ ಒಂದೊಂದು. ಅವುಗಳ ಜೊತೆಗೆ ಪ್ರತಿ ಪಡೆಯೂ ತಿಂಗಳು ತಿಂಗಳು ಕಳಿಸುತ್ತಿದ್ದ ಬಿಲ್ಲೆ ಪಟ್ಟಿಗಳು: ಯಾರು ಹೊಸದಾಗಿ ಬಂದರು, ಯಾರು ಹೋದರು, ಎಲ್ಲಿಗೆ ಹೋದರು ಅಂತ. ದಾರಿ ತೋರಿಸುವುದು ಈ ಪಟ್ಟಿಗಳೇ. ಕೈಯಿಂದ ಹುಡುಕುವ ಕೆಲಸ, ಕೇಳುವವರೂ ಬಹಳ. ಉತ್ತರಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಕಾಯಬೇಕು ಅಂತ ಮೊದಲೇ ಗೊತ್ತಿತ್ತು.

ಕಾಯುವಾಗ ಸುಮ್ನೆ ಕೂರಲು ಆಗಲಿಲ್ಲ. ಕ್ರಿಸ್ಮಸ್ ಕಾರ್ಡು ಎತ್ತಿಕೊಂಡೆ.

ಅದನ್ನು ಮನೆಯಲ್ಲಿ ಯಾರೂ ಪೂರ್ತಿ ಓದಿರಲಿಲ್ಲ. ನನ್ನ ಗಂಡ ಇಲ್ಲೇ ಹುಟ್ಟಿ ಬೆಳೆದವರು, ಅವರಿಗೂ ಬರುವುದಿಲ್ಲ. ಅದು ಹಳೆಯ ಜರ್ಮನ್ ಕೈಬರಹ. 1941ರವರೆಗೆ ಶಾಲೆಗಳಲ್ಲಿ ಕಲಿಸುತ್ತಿದ್ದರು, ಆಮೇಲೆ ಬಿಟ್ಟರು. ಅದರಲ್ಲಿ ‘ಇ’ ಅನ್ನುವ ಅಕ್ಷರ ‘ಎನ್’ ಥರ ಕಾಣುತ್ತದೆ, ‘ಯು’ ಮೇಲೆ ಒಂದು ಸಣ್ಣ ಬಿಲ್ಲು. ನೋಡಿದ ಕೂಡಲೇ ನನಗೆ ಊರು ನೆನಪಾಯಿತು. ನಮ್ಮ ಬೆಳಗಾವಿ ಕಡೆ ಹಳೆಯ ಜಮೀನು ಕಾಗದಗಳು ಮೋಡಿ ಲಿಪಿಯಲ್ಲಿರುತ್ತವೆ. ನಮ್ಮಜ್ಜ ಅವನ್ನು ಓದಿಸಲು ಒಬ್ಬ ವಯಸ್ಸಾದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಮನೆಯದೇ ಕಾಗದ, ಮನೆಯವರಿಗೇ ಓದಲು ಬಾರದು. ಇಲ್ಲೂ ಅದೇ ಸ್ಥಿತಿ. ಅಕ್ಷರಮಾಲೆಯ ಒಂದು ಹಾಳೆ ಇಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ ಕೂತೆ. ಆರು ವಾರಕ್ಕೆ ಕಾರ್ಡು ಬಾಯಿಬಿಟ್ಟಿತು.

ಹೇಳಿದ್ದು ಬಹಳ ಏನಿಲ್ಲ. ಫ್ರಾನ್ಸಿನಲ್ಲಿ ಚಳಿ ಕಡಿಮೆ, ಊಟ ಪರವಾಗಿಲ್ಲ, ಇಲ್ಲಿನ ಹುಡುಗರು ಒಳ್ಳೆಯವರು, ಪುಟ್ಟಿಗೆ ಮುತ್ತು. ಸೈಲೀಸಿಯಾದ ಹುಡುಗ 1941ರ ಡಿಸೆಂಬರ್‌ನಲ್ಲಿ ಫ್ರಾನ್ಸಿನಲ್ಲಿ ಏನು ಮಾಡುತ್ತಿದ್ದ? ನಾಲ್ಕು ತಿಂಗಳಿಗೆ ರಷ್ಯಾದಲ್ಲಿ ಹೇಗೆ ಸತ್ತ? ಈ ಎರಡೂ ಸಂಗತಿ ಒಟ್ಟಿಗೆ ಹೊಂದುವ ಪಡೆಗಳು ಜಾಸ್ತಿ ಇಲ್ಲ. ರಷ್ಯಾದಲ್ಲಿ ಬಳಲಿದ್ದ 5ನೇ ಮತ್ತು 8ನೇ ಡಿವಿಜನ್‌ಗಳನ್ನು ಆ ಚಳಿಗಾಲದಲ್ಲಿ ಫ್ರಾನ್ಸಿಗೆ ಕರೆಸಿ, ಚಿಕ್ಕದು ಮಾಡಿ, ‘ಹಗುರ’ ಡಿವಿಜನ್ ಅಂತ ಹೆಸರು ಬದಲಿಸಿದ್ದರು. ಆಮೇಲೆ ಮತ್ತೆ ರಷ್ಯಾಕ್ಕೆ ಕಳಿಸಿದರು. 1942ರ ಬೇಸಿಗೆಯಲ್ಲಿ ಹೆಸರು ಇನ್ನೊಮ್ಮೆ ಬದಲಾಗಿ ಯೇಗರ್ ಡಿವಿಜನ್ ಆಯಿತು. ಒಂದೇ ಪಡೆಗೆ ಒಂದು ವರ್ಷದೊಳಗೆ ಮೂರು ಹೆಸರು. ಹಳೆಯ ಹೆಸರಿನಲ್ಲಿ ಮಾತ್ರ ಹುಡುಕಿದರೆ ಕೈಗೆ ಸಿಗುವುದಿಲ್ಲ.

ಕಾರ್ಡಿನ ಮೂಲೆಯಲ್ಲಿ ಐದು ಅಂಕಿಯ ನಂಬರ್ ಇತ್ತು, ಕೊನೆಗೆ ‘ಸಿ’ ಅಕ್ಷರ. ಫೆಲ್ಡ್‌ಪೋಸ್ಟ್ ನಂಬರ್ ಅದು. ಪಡೆಯ ಹೆಸರು, ಜಾಗ ಶತ್ರುವಿಗೆ ತಿಳಿಯಬಾರದು ಅಂತ ಸೈನ್ಯದ ಅಂಚೆಯಲ್ಲಿ ಈ ನಂಬರ್ ಮಾತ್ರ ಬರೆಯುತ್ತಿದ್ದರು. ಅಜ್ಜನ ನಂಬರಿನ ನಾಲ್ಕನೇ ಅಂಕಿಯ ಮೇಲೆ ಅಂಚೆ ಮುದ್ರೆ ಬಿದ್ದಿತ್ತು. 3 ಇರಬಹುದು, 8 ಇರಬಹುದು. ಭೂತಗನ್ನಡಿ ಹಿಡಿದು ಎಷ್ಟು ನೋಡಿದರೂ ತೀರ್ಮಾನಕ್ಕೆ ಬರಲಾಗಲಿಲ್ಲ.

ಹಾಗಾಗಿ ಫ್ರೈಬುರ್ಗ್‌ಗೆ ಹೋದೆ. ಬುಂಡೆಸ್‌ಆರ್ಕೀವ್‌ನ ಸೈನ್ಯದ ವಿಭಾಗ ಇರುವುದು ಅಲ್ಲಿ. ಮೊದಲೇ ಅರ್ಜಿ ಕೊಟ್ಟು, ಬೇಕಾದ ಕಡತಗಳ ನಂಬರ್ ಬರೆದು ತಿಳಿಸಿ ಹೋಗಬೇಕು. ಓದುವ ಕೋಣೆಯಲ್ಲಿ ಪೆನ್ಸಿಲ್ ಮಾತ್ರ.

ಫೆಲ್ಡ್‌ಪೋಸ್ಟ್ ನಂಬರಿನ ದಪ್ಪ ಪಟ್ಟಿಗಳಲ್ಲಿ ಒಂದೊಂದು ನಂಬರಿನ ಮುಂದೆ ಪಡೆಯ ಹೆಸರು, ಅದರ ಮೇಲೆ ಗೀಟು, ಪಕ್ಕದಲ್ಲಿ ಹೊಸ ಹೆಸರು, ತಾರೀಖು. ಪಡೆ ನಾಶವಾದರೆ ಅದೇ ನಂಬರನ್ನು ಆಮೇಲೆ ಇನ್ನೊಂದಕ್ಕೆ ಕೊಡುತ್ತಿದ್ದರು. ಅದಕ್ಕೇ ಕಾಗದ ಬರೆದ ತಾರೀಖು ಮುಖ್ಯ. 8 ಅಂತ ಇಟ್ಟುಕೊಂಡು ನೋಡಿದೆ, ರೊಟ್ಟಿ ಸುಡುವ ಕಂಪನಿ ಬಂತು, ಬೇರೆಯೇ ಡಿವಿಜನ್ನಿನದು. 3 ಅಂತ ಇಟ್ಟುಕೊಂಡೆ. ರೆಜಿಮೆಂಟ್ 38, ಎರಡನೇ ಬೆಟಾಲಿಯನ್. 8ನೇ ಡಿವಿಜನ್.

ನಂಬರಿನ ಕೊನೆಯ ಅಕ್ಷರ ಕಂಪನಿ ಹೇಳುತ್ತದೆ. ‘ಎ’ ಅಂದರೆ ಬೆಟಾಲಿಯನ್ನಿನ ಕಚೇರಿ, ‘ಬಿ’ಯಿಂದ ‘ಇ’ವರೆಗೆ ನಾಲ್ಕು ಕಂಪನಿಗಳು. ಎರಡನೇ ಬೆಟಾಲಿಯನ್ನಿನಲ್ಲಿ ಕಂಪನಿಗಳು ಐದರಿಂದ ಶುರು. ಹಾಗಾಗಿ ‘ಸಿ’ ಅಂದರೆ ಆರನೇ ಕಂಪನಿ. ಪೆನ್ಸಿಲ್ ಹಿಡಿದ ಕೈ ನಡುಗುತ್ತಿತ್ತು. ಹೊರಗೆ ಬಂದು ಅತ್ತೆಗೆ ಫೋನ್ ಮಾಡಬೇಕು ಅನ್ನಿಸಿತು, ಮಾಡಲಿಲ್ಲ. ಒಂದು ಸಲ ಅವಸರ ಮಾಡಿ ಅವರ ಕ್ಯಾಲೆಂಡರಿನಲ್ಲಿ ತಪ್ಪು ಬರೆಸಿದ್ದೆನಲ್ಲ.

ಒಂದು ಅನುಮಾನ ಉಳಿದಿತ್ತು. ಹಳೆಯ ಸಮವಸ್ತ್ರಗಳ ಬಗ್ಗೆ ತಿಳಿದ ಒಬ್ಬರು ಫೋಟೊ ನೋಡಿ, ತೋಳಿನ ಮೇಲೆ ಓಕ್ ಎಲೆಯ ಗುರುತಿಲ್ಲ, ಇವರು ಯೇಗರ್ ಆಗಿರಲಾರರು ಅಂದಿದ್ದರು. ಆದರೆ ಆ ಗುರುತು ಬಂದದ್ದು 1942ರ ಅಕ್ಟೋಬರ್‌ನಲ್ಲಿ. ಅಜ್ಜ ಅಷ್ಟರಲ್ಲಿ ತೀರಿಹೋಗಿ ಆರು ತಿಂಗಳಾಗಿತ್ತು.

ಮಾರನೇ ದಿನ ಡಿವಿಜನ್ನಿನ ಯುದ್ಧದ ದಿನಚರಿ ತೆಗೆಸಿದೆ. ಇಂಥ ದಿನಚರಿಗಳನ್ನು ಯುದ್ಧ ಮುಗಿದಾಗ ಅಮೆರಿಕನ್ನರು ವಶಪಡಿಸಿಕೊಂಡು, ಫಿಲ್ಮ್ ಮಾಡಿಕೊಂಡು, ಆಮೇಲೆ ವಾಪಸ್ ಕೊಟ್ಟರು. ಟೈಪ್ ಮಾಡಿದ ತೆಳು ಹಾಳೆ. 1942ರ ಫೆಬ್ರವರಿ 8ರಂದು ರಷ್ಯನ್ನರು ದೆಮ್ಯಾನ್ಸ್ಕ್ ಸುತ್ತ ಸುಮಾರು ಒಂದು ಲಕ್ಷ ಜರ್ಮನ್ ಸಿಪಾಯಿಗಳನ್ನು ಸುತ್ತುವರಿದಿದ್ದರು. ಒಳಗಿದ್ದವರಿಗೆ ವಿಮಾನದಿಂದ ಅನ್ನ, ಗುಂಡು. ಮಾರ್ಚ್ 21ಕ್ಕೆ ಜನರಲ್ ಝೈಡ್ಲಿಟ್ಸ್ ಕೈಕೆಳಗೆ ಹೊರಗಿನಿಂದ ದಾರಿ ಕೊರೆಯಲು ಹೊರಟ ಪಡೆಗಳಲ್ಲಿ 8ನೇ ಡಿವಿಜನ್ ಒಂದು. ಲೊವತ್ ನದಿಯ ಹತ್ತಿರ ಒಳಗಿನವರನ್ನು ಮುಟ್ಟಲು ಒಂದು ತಿಂಗಳು ಹಿಡಿಯಿತು. ಮೊದಲು ಸೊಂಟದವರೆಗೆ ಹಿಮ. ಏಪ್ರಿಲ್‌ನಲ್ಲಿ ಹಿಮ ಕರಗಿತು, ಕಾಡೆಲ್ಲ ಕೆಸರು. ಬಂಡಿ ಹೂತುಹೋಗುತ್ತಿತ್ತು, ಗಾಯಾಳುಗಳನ್ನು ಹೊತ್ತೇ ತರಬೇಕು.

ಅಜ್ಜ ಸತ್ತ ದಿನದ ಪುಟ ತೆಗೆದೆ. ಎರಡನೇ ಬೆಟಾಲಿಯನ್ ಇತ್ತು, ರೆದ್ಯಾ ನದಿ ದಾಟಿದ ಕಾಡು ಇತ್ತು. ಸತ್ತ ಅಧಿಕಾರಿಯ ಹೆಸರು ಇತ್ತು. ಸಿಪಾಯಿಗಳದು ಬರೀ ಲೆಕ್ಕ. ಆ ಲೆಕ್ಕದಲ್ಲಿ ಒಂದು ನಮ್ಮ ಅಜ್ಜ. ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತಾ ಕೂತೆ.

ಹಿಂದಿನ ಪುಟಗಳಲ್ಲಿ ಊರಿನ ಮನೆಗಳನ್ನು ಪಡೆ ವಾಸಕ್ಕೆ ಹಿಡಿದುಕೊಂಡ ಮಾತು ಒಂದೊಂದು ಸಾಲಾಗಿ ಬರುತ್ತದೆ. ಆ ಮನೆಯವರು ಆ ಚಳಿಯಲ್ಲಿ ಎಲ್ಲಿಗೆ ಹೋದರು ಅಂತ ಬರೆದಿಲ್ಲ. ಇದನ್ನು ಅತ್ತೆಗೆ ಹೇಳಬೇಕೋ ಬೇಡವೋ ಅಂತ ರೈಲಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನೂ ಬರೆದಿಟ್ಟುಕೋ. ನಾವೂ ಅಂಥ ಚಳಿಯಲ್ಲೇ ಮನೆ ಬಿಟ್ಟು ಬಂದವರು” ಅಂದರು.

ಬರ್ಲಿನ್‌ನಿಂದ ಉತ್ತರ ಬಂದದ್ದು ಹದಿನಾಲ್ಕನೇ ತಿಂಗಳಿಗೆ. ಎರಡು ಪುಟ. ಕೊನೆಯ ಸಾಲು ಮೊದಲು ನೋಡಿದೆ: ಆರನೇ ಕಂಪನಿ, ರೆಜಿಮೆಂಟ್ 38. ಫ್ರೈಬುರ್ಗ್‌ನ ಲೆಕ್ಕ ಸರಿಯಾಗಿತ್ತು. ಖುಷಿಯಲ್ಲಿ ಅದನ್ನೇ ಓದಿ ಹೇಳಿದೆ. ಅತ್ತೆ, “ಮೊದಲಿನಿಂದ ಓದು” ಅಂದರು.

ಮೊದಲಿನಿಂದ ಓದಿದೆ. 1940ರಲ್ಲಿ ಎರ್ಜಾಟ್ಸ್ ಬೆಟಾಲಿಯನ್ 84. ಅಲ್ಲಿಂದ ರೆಜಿಮೆಂಟ್ 84. ಹಾಗಾಗಿ ನಮ್ಮ 84 ಪೂರ್ತಿ ಸುಳ್ಳೂ ಅಲ್ಲ. 1941ರ ಆಗಸ್ಟ್‌ನಲ್ಲಿ ಗಾಯ, ಎಡ ತೊಡೆಗೆ ಸಿಡಿಗುಂಡಿನ ಚೂರು. ಮಿಲಿಟರಿ ಆಸ್ಪತ್ರೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಎರ್ಜಾಟ್ಸ್ ಬೆಟಾಲಿಯನ್‌ನಲ್ಲಿ ಚೇತರಿಸಿಕೊಳ್ಳುವವರ ಕಂಪನಿ. ಆಮೇಲೆ ರೆಜಿಮೆಂಟ್ 38.

“ಆ ಕಂಪನಿ ಎಲ್ಲಿತ್ತು?” ಅಂತ ಕೇಳಿದರು.

“ಸೈಲೀಸಿಯಾದಲ್ಲೇ ಅತ್ತೆ. ನಿಮ್ಮ ಊರಿಂದ ರೈಲಿನಲ್ಲಿ ಒಂದು ಗಂಟೆ ದಾರಿ.”

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಜೂನ್, ಜುಲೈ, ಆಗಸ್ಟ್. “ನನಗೆ ಆಗ ಐದು ತಿಂಗಳು” ಅಂದರು. ಆಮೇಲೆ ಕಾರ್ಡು ತರಿಸಿಕೊಂಡು, ‘ಪುಟ್ಟಿಗೆ ಮುತ್ತು’ ಅಂತ ಬರೆದ ಜಾಗದಲ್ಲಿ ಬೆರಳಿಟ್ಟರು. ರಜೆ ಕೊಟ್ಟ ದಾಖಲೆ ಯಾವುದೂ ಇಲ್ಲ, ಇದನ್ನು ನಾನು ಅವರಿಗೆ ಹೇಳಿದೆ. ಮನೆ ಅಷ್ಟು ಹತ್ತಿರ, ಆರು ವಾರ, ಹೊಸ ಮಗು. “ಬಂದಿರುತ್ತಾರೆ” ಅಂದರು ಅತ್ತೆ. ನನಗೂ ಹಾಗೇ ಅನ್ನಿಸುತ್ತದೆ.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಅವರು ಮೊದಲು ಕೇಳಿದ್ದು ಯಾರ ಜೊತೆ ಅಂತ ಅಲ್ವಾ? 1950ರ ದಶಕದ ಕೊನೆಗೆ ಜರ್ಮನ್ ರೆಡ್ ಕ್ರಾಸ್ ಯುದ್ಧದಲ್ಲಿ ಕಾಣೆಯಾದವರ ಫೋಟೊ ಪಟ್ಟಿ ಮಾಡಿತ್ತು. 225 ಸಂಪುಟ, ಸುಮಾರು 14 ಲಕ್ಷ ಜನ. ಸೆರೆಯಿಂದ ಮರಳಿ ಬಂದವರಿಗೆ ಈ ಪುಟಗಳನ್ನು ತೋರಿಸಿ, ಇವರಲ್ಲಿ ಯಾರನ್ನಾದರೂ ಕೊನೆಗೆ ಕಂಡಿದ್ದೀರಾ ಅಂತ ಕೇಳುತ್ತಿದ್ದರು. ಹೆಸರಿನ ಅಕ್ಷರದ ಮೇಲಲ್ಲ, ಪಡೆಯ ಮೇಲೆ ಜೋಡಿಸಿದ್ದಾರೆ. ಪಡೆ ಗೊತ್ತಿಲ್ಲದವರಿಗೆ ಅದು ಸಮುದ್ರ. ಈಗ ನಮಗೆ ಪಡೆ ಗೊತ್ತು. ಅಜ್ಜ ಅದರಲ್ಲಿ ಇಲ್ಲ, ಅವರು ಕಾಣೆಯಾದವರಲ್ಲ, ಸತ್ತವರು. ಅದೇ ರೆಜಿಮೆಂಟಿನಲ್ಲಿ ಇದ್ದು ಕಾಣೆಯಾದ ಹುಡುಗರ ಮುಖಗಳು ಇವೆ. ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡ ಫೋಟೊಗಳು, ಕೆಲವರ ಹೆಸರಿನ ಪಕ್ಕ ಫೋಟೊ ಇಲ್ಲದೆ ಬರೀ ಖಾಲಿ ಚೌಕ.

ಈಗ ಭಾನುವಾರ ಭಾನುವಾರ ಅತ್ತೆ ನಮ್ಮ ಮನೆಗೆ ಬರುತ್ತಾರೆ. ಕಲ್ಲಿನ ಮನೆ ಮುಂದಿನ ಐವರ ಫೋಟೊವನ್ನು ಕಂಪ್ಯೂಟರ್ ಪಕ್ಕ ಒರಗಿಸಿ ಇಡುತ್ತೇವೆ. ನಾನು ಒಂದೊಂದೇ ಮುಖ ದೊಡ್ಡದು ಮಾಡುತ್ತೇನೆ, ಅವರು ಕನ್ನಡಕ ಸರಿಮಾಡಿಕೊಂಡು ಆ ನಾಲ್ವರ ಜೊತೆ ಹೋಲಿಸುತ್ತಾರೆ. ಕಿವಿ ನೋಡು, ಕಿವಿ ಬದಲಾಗಲ್ಲ ಅನ್ನುತ್ತಾರೆ. ಆರನೇ ಕಂಪನಿ ಮುಗಿದಿದೆ, ಯಾರೂ ಹೊಂದಲಿಲ್ಲ. ಏಳನೆಯದು ನಡೆಯುತ್ತಿದೆ.